ಗಂಡಸಿನ ಮೂಗುಬೊಟ್ಟು

ನನಗಿಂತ ಮೊದಲು ಹುಟ್ಟಿದ ನಾಲ್ಕು ಮಕ್ಕಳನ್ನು ನಮ್ಮವ್ವ ಮಣ್ಣಿಗೆ ಕೊಟ್ಟಿದ್ದಳು. ಐದನೆಯವನಾದ ನನ್ನನ್ನು ಉಳಿಸಿಕೊಳ್ಳಲು ನಮ್ಮ ಕಡೆಯ ರೈತರ ಮನೆಗಳಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದಳು. ತಿಪ್ಪೆಯ ಮೇಲೆ ಹೊರಳಿಸಿ, ಬಲಮೂಗು ಚುಚ್ಚಿಸಿ, ಸಾಸಿವೆಕಾಳಿನಷ್ಟು ಚಿನ್ನದ ಮೂಗುಬೊಟ್ಟು ಹಾಕಿಸಿದಳು. ಇಂಥ ಕಸವನ್ನು ಯಮನೂ ಮುಟ್ಟುವುದಿಲ್ಲ ಎಂಬ ನಂಬಿಕೆ. ಯಮ ಮುಟ್ಟಲಿಲ್ಲ, ನಿಜ. ಸರ್ಕಾರವೂ ಮುಟ್ಟಲಿಲ್ಲ.

ಮೂಗುಬೊಟ್ಟನ್ನು ಮದುವೆಯ ದಿನ ದೇವರ ಮುಂದೆ ತೆಗೆಯಬೇಕು, ಅದಕ್ಕೆ ಮುಂಚೆ ತೆಗೆದರೆ ಜೀವಕ್ಕೆ ಕುತ್ತು ಎಂದು ಅವ್ವ ಹರಕೆ ಹೊತ್ತಿದ್ದಳು. ಹಾಗಾಗಿ ಹಾಸನದ ಹೈಸ್ಕೂಲನ್ನು ನಾನು ಮೂಗುಬೊಟ್ಟಿನ ಸಮೇತ ಮುಗಿಸಿದೆ. ಜೊತೆಯ ಹುಡುಗರು ನನ್ನನ್ನು 'ಅಮ್ಮಣ್ಣಿ' ಎಂದು ಕರೆಯುತ್ತಿದ್ದರು. ಇಬ್ಬರಿಗೆ ಹೊಡೆದೆ, ಮೂವರ ಕೈಲಿ ಹೊಡೆಸಿಕೊಂಡೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತೆಯ ಜಾಗ ಖಾಲಿಯಾಯಿತು. ಯಾವ ಊರೆಂದು ಹೇಳಿದರೆ ಯಾರದಾದರೂ ಮೊಮ್ಮಕ್ಕಳು ಜಗಳಕ್ಕೆ ಬಂದಾರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಮೂರರಲ್ಲಿ ಒಂದು ಅಂದುಕೊಳ್ಳಿ. ಅರ್ಜಿ ಹಿಡಿದು ಅಮಲ್ದಾರರ ಮುಂದೆ ನಿಂತೆ. ಅವರು ನನ್ನ ದುಂಡು ಅಕ್ಷರ ನೋಡಿ ತಲೆದೂಗಿದರು. ಆಮೇಲೆ ಕತ್ತೆತ್ತಿ ಮುಖ ನೋಡಿದರು.

"ಏನಯ್ಯಾ ಇದು? ಹೆಣ್ಣುಮಕ್ಕಳ ಸ್ಕೂಲಿಗೆ ಹೋಗಬೇಕಾದವನು ದಾರಿ ತಪ್ಪಿ ಬಂದೆಯೋ?"

ಕಚೇರಿಗೆ ಕಚೇರಿಯೇ ನಕ್ಕಿತು. ಅಮಲ್ದಾರರ ಎರಡು ಕಿವಿಗಳಲ್ಲೂ ವಜ್ರದ ಒಂಟಿಗಳು ಫಳಫಳ ಅನ್ನುತ್ತಿದ್ದವು. ನಕ್ಕ ಗುಮಾಸ್ತೆಗಳಲ್ಲಿ ಕಿವಿ ಚುಚ್ಚಿಸದವನು ಒಬ್ಬನೂ ಇರಲಿಲ್ಲ. ಕಿವಿಯ ತೂತು ಮರ್ಯಾದೆ, ಮೂಗಿನ ತೂತು ಮೌಢ್ಯ! ಎರಡರ ನಡುವೆ ಇರುವುದು ಒಂದು ಗೇಣು ಕೂಡ ಅಲ್ಲ. ಆದರೆ ನೌಕರಿ ಆ ಕಡೆ ಇತ್ತು, ನಾನು ಈ ಕಡೆ ಇದ್ದೆ.

"ವಿದ್ಯಾವಂತ ಅಂತೀಯ, ಇಂಥ ಮೂಢನಂಬಿಕೆ ಇಟ್ಟುಕೊಂಡಿದ್ದೀಯ. ತೆಗೆದು ಬಾ. ಹದಿನೈದು ದಿನ ಜಾಗ ಹಿಡಿದಿಟ್ಟಿರುತ್ತೇನೆ," ಎಂದರು.

ಅವ್ವ ಒಪ್ಪಲಿಲ್ಲ. "ಮದ್ವೆ ದಿನ ತೆಗಿತೀನಿ ಕಣಪ್ಪ, ಅಲ್ಲೀಗಂಟ ಅದ್ರ ಸುದ್ದಿ ಎತ್ಬ್ಯಾಡ," ಅಂದಳು. ಸರಿ, ಮದುವೆಯನ್ನೇ ಮಾಡಿಬಿಡಿ ಎಂದು ನೋಡಿಟ್ಟಿದ್ದ ಹೆಣ್ಣಿನ ಅಪ್ಪನನ್ನು ಕೇಳಿದರೆ ಆ ಮಹಾನುಭಾವ, "ಸರ್ಕಾರಿ ಕೆಲ್ಸ ಸಿಕ್ಲಿ, ನಾಳೀಕೇ ಧಾರೆ ಎರಿತೀನಿ," ಅಂದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಅದು ನನಗಾಗಿಯೇ ಹುಟ್ಟಿದ ಗಾದೆ. ನನಗೆ ಬಂದ ಸಿಟ್ಟಿಗೆ ಮೂಗನ್ನೇ ಕೊಯ್ದು ಅಮಲ್ದಾರರ ಮೇಜಿನ ಮೇಲೆ ಇಟ್ಟು ಬರೋಣ ಅನ್ನಿಸಿತ್ತು.

ಹನ್ನೆರಡನೆಯ ದಿನ ಅವ್ವ ಒಂದು ಕುಕ್ಕೆ ಸೊಗಡಿನ ಅವರೆಕಾಯಿ ತುಂಬಿಕೊಂಡು, "ನಡಿ, ಅಮಲ್ದಾರ್ರ ಎಂಡ್ರುತಾವ ಮಾತಾಡ್ತೀನಿ. ಎಂಗಸ್ರಿಗೆ ಎಂಗಸ್ರ ಕಷ್ಟ ತಿಳಿತದೆ," ಎಂದು ಹೊರಟಳು. ಅಮಲ್ದಾರರು ಕಚೇರಿಗೆ ಹೋಗಿದ್ದ ಹೊತ್ತಿನಲ್ಲಿ ಅವರ ಮನೆಯ ಹಿತ್ತಲ ಬಾಗಿಲಲ್ಲಿ ನಿಂತೆವು.

ಆಕೆ ಹೆಗಲ ಮೇಲೆ ಮೂರು ತಿಂಗಳ ಗಂಡುಕೂಸನ್ನು ಹಾಕಿಕೊಂಡು ಬಂದರು. ಅವರೆಕಾಯಿ ನೋಡಲಿಲ್ಲ. ನನ್ನ ಮೂಗನ್ನೇ ನೋಡಿದರು. "ನಿಮ್ಮ ಮಗನಿಗೆ ಯಾಕಮ್ಮ ಮೂಗು ಚುಚ್ಚಿಸಿದಿರಿ?" ಎಂದು ಕೇಳಿದರು. ಅವ್ವ ನಾಲ್ಕು ಮಕ್ಕಳ ಕತೆ ಹೇಳಿದಳು. ಕೇಳುತ್ತ ಕೇಳುತ್ತ ಆಕೆ ಕೂಸನ್ನು ಇನ್ನಷ್ಟು ಅವಚಿಕೊಂಡರು.

"ನನಗೂ ಮೂರು ಹೋದವಮ್ಮ. ಇದು ನಾಲ್ಕನೆಯದು. ಇದಕ್ಕಾದರೂ ಮೂಗು ಚುಚ್ಚಿಸೋಣ ಅಂದರೆ ಅವರು ಕೇಳೋದಿಲ್ಲ."

ಬಂದ ಕೆಲಸದ ಮಾತನ್ನು ಅವ್ವ ಎತ್ತಲೇ ಇಲ್ಲ. ನಾನು ಮೊಣಕೈಯಿಂದ ತಿವಿದೆ. ಅವಳು ನನ್ನ ಕಡೆ ತಿರುಗಿ, ಗದ್ದ ಹಿಡಿದು, ಹಾಂ ಎನ್ನುವಷ್ಟರಲ್ಲಿ ಮೂಗುಬೊಟ್ಟಿನ ತಿರುಪು ಬಿಚ್ಚಿಬಿಟ್ಟಳು. ಸೆರಗಿನಲ್ಲಿ ಒರೆಸಿ ಆಕೆಯ ಅಂಗೈಯಲ್ಲಿಟ್ಟಳು.

"ಒಂದು ಜೀವ ಉಳಿಸಿರೋದು ಕಣ್ರವ್ವ ಇದು. ಅಕ್ಕಸಾಲೀನ ಕರ್ಸಿ ಆಕ್ಸಿ."

"ಅಯ್ಯೋ, ನಿಮ್ಮ ಮಗನಿಗೆ?"

"ಅವ್ನು ಇಪ್ಪತ್ತು ವರ್ಸ ಬದ್ಕವ್ನೆ. ಇದಿನ್ನೂ ಅಸುಗೂಸು."

ಮಾರನೆಯ ದಿನ ಬೋಳುಮೂಗಿನಲ್ಲಿ ಕಚೇರಿಗೆ ಹೋದೆ. ಅಮಲ್ದಾರರಿಗೆ ಹಿಗ್ಗೋ ಹಿಗ್ಗು. ಗುಮಾಸ್ತೆಗಳನ್ನೆಲ್ಲ ಕರೆದು, "ನೋಡಿ, ನಾನು ಒಂದು ಮಾತು ಹೇಳಿದ್ದಕ್ಕೆ ತಲೆತಲಾಂತರದ ಮೌಢ್ಯ ಬಿಟ್ಟು ಬಂದಿದ್ದಾನೆ," ಎಂದು ಕಾಲುಗಂಟೆ ಭಾಷಣ ಮಾಡಿ ನೇಮಕದ ಹುಕುಂಗೆ ಸಹಿ ಹಾಕಿದರು. ಆ ವರ್ಷದ ಆಯುಧಪೂಜೆಗೆ ಕೂಸನ್ನೆತ್ತಿಕೊಂಡು ಸ್ವತಃ ಅಮಲ್ದಾರರೇ ಕಚೇರಿಗೆ ಬಂದರು. ಕೂಸಿನ ಬಲಮೂಗಿನಲ್ಲಿ ನನ್ನ ಬೊಟ್ಟು ಹೊಳೆಯುತ್ತಿತ್ತು. ಈ ಸಲ ಯಾರೂ ನಗಲಿಲ್ಲ. ಶಿರಸ್ತೇದಾರರಂತೂ, "ಏನು ಕಳೆ ಸ್ವಾಮಿ, ಸಾಕ್ಷಾತ್ ಬಾಲಕೃಷ್ಣ!" ಎಂದು ಕೈಮುಗಿದೇಬಿಟ್ಟರು. ಅಮಲ್ದಾರರು ನನ್ನತ್ತ ಮಾತ್ರ ನೋಡದೆ ಕುಂಬಳಕಾಯಿ ಒಡೆಯಲು ಹೇಳಿದರು.

ಪ್ರತಿ ಶನಿವಾರ ಸಂಜೆ ನಾನು ಊರಿಗೆ ಹೋಗುತ್ತಿದ್ದೆ. ಕೆಲಸ ಹೇಗಿದೆ, ಸಾಹೇಬರು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅವ್ವ ಒಂದು ದಿನವೂ ಕೇಳಲಿಲ್ಲ.

"ಆ ಕೂಸು ಎಂಗದೆ?"

"ಚೆನ್ನಾಗದೆ ಕಣವ್ವ."

"ನೀನು?"

"ಕಣ್ಮುಂದೇನೇ ನಿಂತಿದ್ದೀನಲ್ಲವ್ವ!"

ಅಷ್ಟು ಸಾಲದು ಅವಳಿಗೆ. ಹತ್ತಿರ ಬಂದು, ನನ್ನ ಮೂಗಿನ ಕೆಳಗೆ ಕೈಯ ಹಿಂಬದಿ ಹಿಡಿದು, ಉಸಿರು ತಾಕುವವರೆಗೂ ನಿಂತಿದ್ದು, ಆಮೇಲೆ ಅನ್ನಕ್ಕಿಡಲು ಒಳಗೆ ಹೋಗುತ್ತಿದ್ದಳು.