ಹೊತ್ತಿಗೆ ಮೊದಲೇ ಬಿಚ್ಚಿದ ಬುತ್ತಿ

ಎಪ್ಪತ್ತರ ದಶಕ ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ನಾಸಿಕದ ಒಂದು ಉಡುಪಿ ಹೋಟೆಲಿನ ಮಹಡಿಯ ಮೇಲೆ ನಮ್ಮ ಕಡೆಯವರೊಬ್ಬರ ಶೋಕಸಭೆ ನಡೆಯಿತು. ತೀರಿಕೊಂಡವರು ಬೀದರ ಸೀಮೆಯ ಮುಕಾದಮರು. ಬಂಡೆ ಒಡೆದು ರಸ್ತೆ ಮಾಡುವ ಆಳುಗಳ ತಂಡವನ್ನು ಬಹಳ ವರ್ಷ ನಡೆಸಿದವರು. ಒಂದು ಕಣ್ಣನ್ನೂ ಬಲಗೈಯ ಮೂರು ಬೆರಳುಗಳನ್ನೂ ಆ ಕೆಲಸದಲ್ಲೇ ಕಳೆದುಕೊಂಡವರು.

ಮಾತನಾಡಿದವರೆಲ್ಲ ಒಂದೇ ಕಥೆ ಹೇಳಿದರು. ಎಲ್ಲೋರ ಎಂದೂ ಕರೆಯುವ ವೇರೂಳಿನ ಘಾಟಿನಲ್ಲಿ ಒಮ್ಮೆ, ಬಂಡೆಗೆ ತುಂಬಿದ ಹನ್ನೆರಡು ಮದ್ದುಗಳಲ್ಲಿ ಒಂದು ಸಿಡಿಯದೆ ಉಳಿದಿತ್ತಂತೆ. ಮುಕಾದಮರು ಬಂಡೆಗೆ ಕಿವಿಯಿಟ್ಟು, ಒಳಗೆ ಕಿಡಿ ಹರಿಯುವುದನ್ನು ಕೇಳಿಸಿಕೊಂಡರಂತೆ. ಆಳುಗಳನ್ನು ದೂರ ಕೂರಿಸಿ ಊಟಕ್ಕೆ ಹಚ್ಚಿದರಂತೆ. ಕೊನೆಯ ತುತ್ತಿನ ಹೊತ್ತಿಗೆ ಗುಡ್ಡವೇ ನಡುಗುವಂತೆ ಅದು ಸಿಡಿಯಿತಂತೆ. ಅಂದಿನಿಂದ ಪ್ರತಿ ಸಿಡಿತದ ನಂತರ ಅವರೊಬ್ಬರೇ ಮೊದಲು ಒಳಗೆ ಹೋಗುತ್ತಿದ್ದರಂತೆ, ಅಂಥ ಧೈರ್ಯವಂತೆ.

ಒಂದು ಮದ್ದು ಉಳಿದದ್ದು ನಿಜ. ಊಟ ಮಾಡಿದ್ದು ನಿಜ. ಅವರು ಒಬ್ಬರೇ ಒಳಗೆ ಹೋಗುತ್ತಿದ್ದುದೂ ನಿಜ. ಬಂಡೆಗೆ ಕಿವಿಯಿಟ್ಟದ್ದು, ಗುಡ್ಡ ನಡುಗಿದ್ದು ಎರಡೂ ಸುಳ್ಳು. ಸಿಡಿಯದ ಮದ್ದಿನಿಂದ ಒಂದು ಫರ್ಲಾಂಗು ದೂರ ಕುಳಿತವರು ಯಾವ ಬಂಡೆಗೆ ಕಿವಿಯಿಟ್ಟಾರು? ಧೈರ್ಯವೆಂಬ ಮಾತಿನ ಬಗೆಗಂತೂ ನನಗೆ ಅಂದೂ ಸಂದೇಹವಿತ್ತು, ಇಂದೂ ಇದೆ. ಏಕೆಂದರೆ ಆ ದಿನ ಸದ್ದು ಎಣಿಸಿದವನು ನಾನು.

ಅರವತ್ತರ ದಶಕದ ಕೊನೆಯ ಒಂದು ಚಳಿಗಾಲ. ಇಂದು ಛತ್ರಪತಿ ಸಂಭಾಜಿನಗರವೆನ್ನುವ ಊರನ್ನು ಆಗ ನಾವು ಔರಂಗಾಬಾದ್ ಎನ್ನುತ್ತಿದ್ದೆವು. ಅಲ್ಲಿಂದ ವೇರೂಳಿಗೆ ಹೋಗುವ ಘಾಟಿನಲ್ಲಿ ಒಂದು ತಿರುವನ್ನು ಅಗಲಗೊಳಿಸುವ ಗುತ್ತಿಗೆ ನಡೆದಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನಾನು ಅಲ್ಲಿ ಹಾಜರಿ ಹಿಡಿಯುವ ಕೆಲಸಕ್ಕೆ ಸೇರಿದ್ದೆ. ಬಂಡೆ ಸಿಡಿಸುವ ವಿಷಯದ ಒಂದು ಇಂಗ್ಲಿಷ್ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದ್ದೆ. ಅದಕ್ಕಾಗಿ ಮುಕಾದಮರು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು. ಅರ್ಧ ಗೌರವ, ಅರ್ಧ ಕುಚೋದ್ಯ. ಸದ್ದು ಎಣಿಸುವ ಹೊಣೆಯನ್ನೂ ಅವರೇ ನನಗೆ ವಹಿಸಿದ್ದರು.

ಬಂಡೆಯಲ್ಲಿ ಎಷ್ಟು ತೂತು ಕೊರೆದು ಮದ್ದು ತುಂಬಿದೆಯೋ ಅಷ್ಟು ಸದ್ದು ಕೇಳಬೇಕು. ಸದ್ದುಗಳು ಬೇರೆಬೇರೆಯಾಗಿ ಬರಲೆಂದೇ ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದವಾಗಿ ಕತ್ತರಿಸುತ್ತಾರೆ. ಒಂದು ಕಡಿಮೆಯಾದರೆ, ಒಳಗೆ ಒಂದು ಮದ್ದು ಹಾಗೆಯೇ ಉಳಿದಿದೆ ಎಂದರ್ಥ. ಅದರ ಬತ್ತಿ ಆರಿರಬಹುದು, ಇಲ್ಲವೇ ಒಳಗೊಳಗೇ ಮಿಣುಕುತ್ತಿರಬಹುದು. ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಬಹಳ ಹೊತ್ತು ಯಾರೂ ಹತ್ತಿರ ಸುಳಿಯದೆ ಕಾಯಬೇಕು. ನಾನು ಎಡಜೇಬಿನಲ್ಲಿ ಲೆಕ್ಕದಷ್ಟು ಕಲ್ಲುಹರಳುಗಳನ್ನಿಟ್ಟುಕೊಂಡು, ಒಂದು ಸದ್ದಿಗೆ ಒಂದರಂತೆ ಬಲಜೇಬಿಗೆ ಹಾಕುತ್ತಿದ್ದೆ.

ಆ ದಿನ ಮಧ್ಯಾಹ್ನ ಒಬ್ಬ ದೊಡ್ಡ ಅಧಿಕಾರಿ ವೇರೂಳಿನ ದೇವಸ್ಥಾನಕ್ಕೆ ಹೋಗುವವರಿದ್ದರು. ಅವರ ಮೋಟಾರು ಬರುವುದರೊಳಗೆ ಕಲ್ಲು ಬಾಚಿ ದಾರಿ ತೆರವಾಗಬೇಕೆಂದು ಗುತ್ತಿಗೆದಾರರ ಇಂಜಿನಿಯರು ಬೆಳಗಿನಿಂದ ಜೀಪಿನ ಬಳಿ ನಿಂತಿದ್ದ. ಮರಾಠಿ ಮನುಷ್ಯ, ಚಿಕ್ಕ ವಯಸ್ಸು, ಕೆಟ್ಟವನಲ್ಲ. ಅವನ ಮೇಲೊಬ್ಬನಿದ್ದ, ಆ ಒಬ್ಬನ ಮೇಲೆ ಇನ್ನೊಬ್ಬನಿದ್ದ. ಮೇಲಿನಿಂದ ಇಳಿದು ಬಂದದ್ದನ್ನು ಅವನು ಕೆಳಗೆ ದಾಟಿಸುತ್ತಿದ್ದ, ಅಷ್ಟೆ.

ಮುಕಾದಮರು ಹನ್ನೆರಡು ಬತ್ತಿಗೂ ಕಿಡಿ ಮುಟ್ಟಿಸಿ, ಓಡಿಬಂದು ಕಲ್ಲಿನ ಗುಡ್ಡೆಯ ಮರೆಯಲ್ಲಿ ನನ್ನ ಪಕ್ಕ ಕುಳಿತರು. ಹಿಂದೆ ಇಪ್ಪತ್ತು ಆಳುಗಳು, ಅವರಲ್ಲಿ ಮುಕಾದಮರ ಹೆಂಡತಿಯೂ ಒಬ್ಬರು. ಸದ್ದುಗಳು ಒಂದರ ಹಿಂದೊಂದು ಬಂದವು. ಹನ್ನೊಂದನೆಯದಾದ ಮೇಲೆ ಕೆಲವು ಕಲ್ಲುಗಳು ಉರುಳಿ ಕೆಳಗೆ ಹೋದವು. ಆಮೇಲೆ ಗಾಳಿ ಮಾತ್ರ.

ಇಂಜಿನಿಯರು ಗಡಿಯಾರ ನೋಡಿದ. ಎರಡು ಕೂಡಿ ಹೋದವು, ನಾನೇ ಕೇಳಿದೆ ಎಂದು ಹಿಂದಿಯಲ್ಲಿ ಹೇಳಿ, ಹೌದೆನ್ನುವಂತೆ ನನ್ನತ್ತ ತಿರುಗಿದ. ಮುಕಾದಮರು ಅವನ ಮಾತು ಕೇಳದವರಂತೆ ನನ್ನನ್ನು ಕೇಳಿದರು:

"ಎಷ್ಟಾದವ್ರಿ ಮಾಸ್ತರ?"

"ಹನ್ನೆರಡೂ ಆಗ್ಯಾವ್ರಿ," ಎಂದೆ.

ಹೀಗೆನ್ನುವಾಗ ಎಡಜೇಬಿನಲ್ಲಿ ಉಳಿದ ಒಂದು ಹರಳನ್ನು ನನ್ನ ಬೆರಳುಗಳು ಹಿಡಿದುಕೊಂಡೇ ಇದ್ದವು. ಎರಡು ಮದ್ದು ಕೂಡಿ ಸಿಡಿಯುವುದುಂಟು ಎಂದು ನನ್ನ ಪುಸ್ತಕದಲ್ಲಿತ್ತು. ಆ ವಾಕ್ಯ ಆ ಕ್ಷಣದಲ್ಲಿ ಎಷ್ಟು ಸಲೀಸಾಗಿ ನೆನಪಿಗೆ ಬಂತು. ಸಂದೇಹವಿದ್ದರೆ ಕಾಯತಕ್ಕದ್ದು ಎಂಬ ವಾಕ್ಯವೂ ಅದೇ ಪುಟದಲ್ಲಿತ್ತು.

ಮುಕಾದಮರು ನನ್ನ ಮುಖ ನೋಡಿದರು, ಬಳಿಕ ನನ್ನ ಜೇಬು ನೋಡಿದರು. ಸುಳ್ಳು ಎನ್ನಲಿಲ್ಲ. ಅಂದಿದ್ದರೆ ಅಲ್ಲಿ ವಾದ ಹುಟ್ಟುತ್ತಿತ್ತು. ಓದಿದ ಇಬ್ಬರ ಮಾತಿನೆದುರು ಅವರ ಒಂದು ಮಾತು ನಿಲ್ಲುತ್ತಿರಲಿಲ್ಲ. ಆಳುಗಳು ಹಾರೆ ಎತ್ತಿಕೊಂಡು ಏಳಬೇಕಾಗುತ್ತಿತ್ತು. ಇದೆಲ್ಲ ನಾನು ಆಮೇಲೆ ಕೂಡಿಸಿಕೊಂಡದ್ದು. ಆಗ ಕಂಡದ್ದು ಇಷ್ಟೇ: ಅವರು ಹಿಂದೆ ತಿರುಗಿ, ಏನೂ ಆಗದವರಂತೆ ಹೆಂಡತಿಗೆ ಹೇಳಿದರು.

"ಬುತ್ತಿ ಬಿಚ್ಚು. ಎಲ್ಲಾರೂ ಬಿಚ್ಚರಿ. ಹಸಿವಿ ಆಗ್ಯದ."

ಹತ್ತು ಗಂಟೆಯೂ ಆಗಿರಲಿಲ್ಲ. ಒಬ್ಬ ಮುದುಕಿ ಗಂಟು ಬಿಚ್ಚುತ್ತಲೇ, ರಾತ್ರಿ ಮನ್ಯಾಗ ಹಾಕಿಲ್ಲೇನೋ ಯಪ್ಪಾ, ಸೂರ್ಯ ಇನ್ನಾ ಹೆಗಲಿಗೆ ಬಂದಿಲ್ಲ ಎಂದಳು. ನಿನ್ನ ಸೊಸಿ ಹಿಂಡಿಯ ಖಾರ ನೋಡಬೇಕಾಗ್ಯದ, ಇತ್ತ ತಾ ಎಂದರು ಮುಕಾದಮರು. ಒಂದಿಬ್ಬರು ನಕ್ಕರು. ನಗು ಬೇಗ ನಿಂತಿತು.

ಇಂಜಿನಿಯರು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಉಣ್ಣಲು ಕುಳಿತವರನ್ನು ಎಬ್ಬಿಸುವುದು ನಮ್ಮ ಕಡೆಯಲ್ಲೂ ಇಲ್ಲ, ಅವರ ಕಡೆಯಲ್ಲೂ ಇಲ್ಲ. ಬಾಯಿಗೆ ಬಂದಂತೆ ಬೈಯುವ ಗುತ್ತಿಗೆದಾರನೂ ಮುರಿದ ರೊಟ್ಟಿ ಕೈಯಲ್ಲಿರುವವನಿಗೆ ಏಳು ಎನ್ನುವುದಿಲ್ಲ. ಮುಕಾದಮರು ಒಂದು ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಇಟ್ಟು, ಎದ್ದು ಹೋಗಿ ಅವನ ಮುಂದೆ ಹಿಡಿದರು.

"ಯಾ ಸಾಹೇಬ್, ಬಸಾ."

ಬನ್ನಿ, ಕೂತುಕೊಳ್ಳಿ ಎಂದು ಅವನದೇ ಭಾಷೆಯಲ್ಲಿ ಕರೆದ ಮೇಲೆ ಅವನೇನು ಮಾಡಿಯಾನು? ಕೂರಲಿಲ್ಲ, ನಿಂತುಕೊಂಡೇ ಅರ್ಧ ರೊಟ್ಟಿ ತಿಂದ. ಅಧಿಕಾರಿಯ ಮೋಟಾರು ಬರಬೇಕಾದ ದಾರಿಯ ಕಡೆ ನೋಡುತ್ತ ತಿಂದ.

ಅಷ್ಟು ನಿಧಾನದ ಊಟವನ್ನು ನಾನು ಮತ್ತೆ ಕಂಡಿಲ್ಲ. ಧೂಳು ಇಳಿದು, ಒಡೆದ ಬಂಡೆಯ ಹಸಿ ಮುಖ ಕಾಣತೊಡಗಿತು. ಯಾರದೋ ಒಂದು ಮೇಕೆ ಕೆಳಗಿನ ಪೊದೆಯಿಂದ ಹತ್ತಿ ಬಂದು ಆ ಕಲ್ಲುಗಳ ನಡುವೆ ನಿಂತಿತು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಅದು ಏನನ್ನೋ ಮೂಸಿತು, ಕಾಲಿನಿಂದ ಕೆದರಿತು, ಕೊನೆಗೆ ಇಳಿದು ಹೋಯಿತು. ಆಮೇಲೆ ಮತ್ತೆ ಅಗಿಯುವ ಸದ್ದು. ಮೇಕೆಯನ್ನು ಅವರೇಕೆ ಅಷ್ಟು ನೋಡಿದರೆಂದು ನಾನು ಯೋಚಿಸಲಿಲ್ಲ. ನನ್ನ ಭಯ ನನಗೊಬ್ಬನಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಏನೂ ಸಿಡಿಯಲಿಲ್ಲ. ಕಥೆ ಹೇಳುವವರಿಗೆ ಇದು ಹಿಡಿಸುವುದಿಲ್ಲ. ಸಿಡಿದರೆ ಊಟಕ್ಕೊಂದು ಅರ್ಥ ಬರುತ್ತದೆ, ಮುಕಾದಮರಿಗೊಂದು ಮಹಿಮೆ ಬರುತ್ತದೆ. ಸಿಡಿಯದೆ ಉಳಿದದ್ದರ ಎದುರು ಮುಕ್ಕಾಲು ಗಂಟೆ ರೊಟ್ಟಿ ಅಗಿಯುತ್ತ ಕೂರುವುದನ್ನು ಯಾರೂ ಹಾಡಿ ಹೊಗಳುವುದಿಲ್ಲ.

ಕೊನೆಗೆ ಮುಕಾದಮರು ಕೈ ತೊಳೆದರು. ತಾವು ಬರುವ ತನಕ ಎಲ್ಲರಿಗೂ ಇನ್ನೊಂದು ರೊಟ್ಟಿ ಹಾಕುತ್ತಿರು ಎಂದು ಹೆಂಡತಿಗೆ ಹೇಳಿ, ಒಬ್ಬರೇ ತಿರುವಿನ ಕಡೆ ನಡೆದರು. ಆಕೆ ಬೇಡವೆಂದವರ ಕೈಗೂ ರೊಟ್ಟಿಯಿಟ್ಟರು. ಒಮ್ಮೆಯೂ ಆ ಕಡೆ ನೋಡಲಿಲ್ಲ. ಮುಕಾದಮರು ಬಗ್ಗಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುವುದು ಕಾಣುತ್ತಿತ್ತು. ಎಷ್ಟು ಹೊತ್ತಾಯಿತೋ ಹೇಳಲಾರೆ.

ಮರಳಿ ಬಂದಾಗ ಅವರ ಮುಷ್ಟಿಯಲ್ಲಿ ಬತ್ತಿಯ ಒಂದು ತುಂಡಿತ್ತು. ಪಕ್ಕದ ಸಿಡಿತಕ್ಕೆ ತುಂಡಾಗಿ ಬಿದ್ದದ್ದು. ಒಂದು ತುದಿ ಸುಟ್ಟು ಕಪ್ಪಾಗಿತ್ತು, ಉಳಿದದ್ದು ಹಾಗೆಯೇ ಇತ್ತು. ಅದನ್ನು ನನಗೊಬ್ಬನಿಗೆ ತೋರಿಸಿದರು. ಮೇಲೊಂದು ಬಂಡೆ ಸಡಿಲಾಗಿ ಜೋತಿದೆ, ಅದನ್ನು ಕೆಡವಬೇಕು ಎಂದು ಇಂಜಿನಿಯರಿಗೆ ಹೇಳಿ, ಉಳಿದ ಮದ್ದಿನ ಪಕ್ಕದಲ್ಲಿ, ಬೇಕಾದಷ್ಟು ಅಂತರ ಬಿಟ್ಟು ತಾವೇ ಇನ್ನೊಂದು ತೂತು ಕೊರೆದು ಸಿಡಿಸಿದರು. ಒಂದು ಮದ್ದಿಗೆ ಮೀರಿದ ಸದ್ದು ಬಂತು, ಉಳಿದದ್ದೂ ಅದರೊಡನೆ ಸಿಡಿದಿತ್ತು. ಇಂಜಿನಿಯರು ನನ್ನ ಕಡೆ ನೋಡಲಿಲ್ಲ. ಅಧಿಕಾರಿಯ ಮೋಟಾರು ಘಾಟಿನ ಕೆಳಗೆ ಸ್ವಲ್ಪ ಹೊತ್ತು ಕಾದು ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ.

ಸಂಜೆ ಹಾರೆಗಳನ್ನು ಎತ್ತಿಡುವಾಗ ಮುಕಾದಮರು ನನಗೆ ಒಂದೇ ಮಾತು ಹೇಳಿದರು.

"ನಾಳಿಂದ ಎಷ್ಟು ಕೇಳಸ್ತಾವ ಅಷ್ಟೇ ಹೇಳ್ರಿ."

ಮರುದಿನ ಅಪ್ಪಣೆ ಬಂತು: ಬುತ್ತಿ ಗಂಟುಗಳು ಆಳುಗಳು ಉಳಿಯುವ ಕ್ಯಾಂಪಿನಲ್ಲೇ ಇರಬೇಕು, ಕೆಲಸದ ಜಾಗಕ್ಕೆ ತರಕೂಡದು. ಊಟದ ಹೊತ್ತಿಗೆ ಲಾರಿಯಲ್ಲಿ ಕರೆದೊಯ್ಯುತ್ತಾರೆ. ಇಂಜಿನಿಯರು ದಡ್ಡನಾಗಿರಲಿಲ್ಲ.

ಆ ದಿನ ಹತ್ತು ಮದ್ದು. ಹತ್ತೂ ಸದ್ದು ಕೇಳಿದವು. ಹತ್ತೂ ಹರಳು ಬಲಜೇಬಿಗೆ ಬಂದವು. ಹತ್ತು ಎಂದೆ. ಮುಕಾದಮರು ನನ್ನ ಮುಖವನ್ನು ದೀರ್ಘವಾಗಿ ನೋಡಿದರು. ಯಾರೂ ಏಳಬಾರದೆಂದು ಕೈ ಮಾಡಿ ಒಬ್ಬರೇ ಒಳಗೆ ಹೋದರು. ಮರುದಿನವೂ ಹಾಗೆಯೇ. ನನ್ನ ಎಣಿಕೆ ಸರಿಯಿದ್ದ ಪ್ರತಿ ದಿನವೂ ಹಾಗೆಯೇ. ತಂಡವನ್ನು ತಡೆದು ನಿಲ್ಲಿಸಲು ಈಗ ಅವರ ಬಳಿ ರೊಟ್ಟಿ ಇರಲಿಲ್ಲ, ನಂಬಲು ನನ್ನ ಮಾತಿರಲಿಲ್ಲ. ಉಳಿದದ್ದು ಅವರ ಕಾಲು. ಸಭೆಯಲ್ಲಿ ಧೈರ್ಯವೆಂದು ಕರೆದದ್ದು ಇದನ್ನು.

ಆ ಬೆನ್ನನ್ನು ನೋಡುತ್ತ ನಾನು ಒಂದು ತಿಂಗಳು ಅಲ್ಲಿದ್ದೆ. ಬಳಿಕ ನೌಕರಿ ಬಿಟ್ಟು ನಾಸಿಕದ ಕಡೆ ಬಂದು, ದೇವಳಾಲಿ ಕ್ಯಾಂಪಿನ ಒಂದು ಅಂಗಡಿಯಲ್ಲಿ ಕೆಲಸ ಹಿಡಿದೆ. ಎರಡು ವರ್ಷದ ಮೇಲೆ ಸುದ್ದಿ ತಲುಪಿತು. ಬೇರೊಂದು ಘಾಟು, ಎಣಿಸಿದವನು ಬೇರೊಬ್ಬ. ಎಣಿಕೆ ಸರಿಯಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಕಾದಮರು ಎಂದಿನಂತೆ ಒಬ್ಬರೇ ಒಳಗೆ ಹೋಗಿದ್ದರು. ಆ ಕಣ್ಣೂ ಬೆರಳುಗಳೂ ಹೋದದ್ದು ಅಂದೇ.

ಶೋಕಸಭೆಯಲ್ಲಿ, ಅವರ ಜೊತೆ ಕೆಲಸ ಮಾಡಿದವನೆಂದು ನನ್ನನ್ನೂ ಎಬ್ಬಿಸಿದರು. ಹನ್ನೊಂದು ಕೇಳಿ ಹನ್ನೆರಡು ಎಂದವನು ನಾನು ಎಂದು ಹೇಳಿ ಕುಳಿತೆ. ಅಧ್ಯಕ್ಷರು, ದುಃಖದಲ್ಲಿ ಮನುಷ್ಯ ಇಲ್ಲದ ತಪ್ಪನ್ನೂ ಮೈಮೇಲೆ ಹಾಕಿಕೊಳ್ಳುತ್ತಾನೆ ಎಂದು ಸಮಾಧಾನದ ಮಾತಾಡಿದರು. ಬಂಡೆಗೆ ಕಿವಿಯಿಟ್ಟ ಕಥೆ ಮುಂದುವರಿಯಿತು.

ಹೋಟೆಲಿನ ಮೆಟ್ಟಿಲ ಬಳಿ ಮುಕಾದಮರ ಹೆಂಡತಿ ನಿಂತಿದ್ದರು. ನಾನು ತಲೆ ತಗ್ಗಿಸಿ ದಾಟಿ ಹೋಗುವವನಿದ್ದೆ. ಆಕೆಯೇ ಕರೆದರು.

"ಮಾಸ್ತರ, ನೀವೊಬ್ಬರೇ ಎಣಿಸಿದ್ರಿ ಅಂತ ತಿಳಕೊಂಡೀರೇನ್ರಿ? ಇಪ್ಪತ್ತ ಮಂದಿ ಕುಂತಿದ್ವಿ. ಎಲ್ಲಾರ ಕೈಗೂ ಬೆರಳಿದ್ದವು."

ಇಷ್ಟು ಹೇಳಿ, ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು. ನನಗೆ ಆ ಮೇಕೆ ನೆನಪಾಯಿತು. ಇಪ್ಪತ್ತು ಜನ ಅಗಿಯುವುದನ್ನು ನಿಲ್ಲಿಸಿದ್ದು ನೆನಪಾಯಿತು. ಹನ್ನೊಂದು ಎಂದು ಯಾರೊಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸಾಹೇಬನ ಎದುರು ಹೇಳುವವನು ನಾನೇ ಎಂದು ಅವರೆಲ್ಲ ಕಾದಿದ್ದಿರಬೇಕು.

ದೇವಳಾಲಿಯಲ್ಲಿ ಈಗಲೂ ಬೆಳಗಿನ ಹೊತ್ತು ಫೌಜಿನವರ ತೋಪಿನ ಅಭ್ಯಾಸ ನಡೆಯುತ್ತದೆ. ಎಷ್ಟು ಹಾರಿಸುತ್ತಾರೆಂದು ನಮಗೆ ಮೊದಲೇ ಗೊತ್ತಿರುವುದಿಲ್ಲ. ನಾಷ್ಟಾಕ್ಕೆ ಕುಳಿತಾಗ ಸದ್ದು ಶುರುವಾದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ. ತೋಪು ಸುಮ್ಮನಾಗಿ ಎಷ್ಟೋ ಹೊತ್ತಾದ ಮೇಲೂ, ಇನ್ನೊಂದು ಬಾಕಿ ಇದೆಯೇನೋ ಎಂದು ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತಿರುತ್ತೇನೆ.