ಮೊದಲ ಹೆಸರು ಅಗಾಯ್‌ದು

ನಮ್ಮ ಕಿರ್ಗಿಜರಲ್ಲಿ ಕುರಿ ಕೊಯ್ದರೆ ತಲೆ ಯಾರ ಮುಂದೆ ಇಡಬೇಕು ಅಂತ ಯಾರೂ ಕೇಳುವುದಿಲ್ಲ. ಹಿರಿಯರ ಮುಂದೆ, ಅಷ್ಟೇ. ನರಿನ್ ಪಟ್ಟಣದ ಅನಿಪಾ ತನ್ನ ಸಂಶೋಧನಾ ಲೇಖನಗಳನ್ನೂ ಹಾಗೇ ಬಡಿಸಿದಳು. ದುಡಿದವಳು ಇವಳು, ಮೊದಲ ಹೆಸರು ಎಸೆನಾಲಿ ಅಗಾಯ್‌ದು. ಅಗಾಯ್ ಅಂದರೆ ಮೇಷ್ಟ್ರು. ಅವಳಿಗೆ ಸೂಕ್ಷ್ಮದರ್ಶಕ ಹಿಡಿಯೋದು ಕಲಿಸಿದವರು. ಅವರೇನು ಬಾಯಿಬಿಟ್ಟು ಕೇಳಿರಲಿಲ್ಲ. ಇವಳೇ ಹಾಕಿದ್ದು. ಹಾಕದಿದ್ದರೆ ನಾಲ್ಕು ಜನ ಏನಂದಾರು?

ಕೆಲಸವಾದರೂ ಎಂಥದ್ದು! ಕುರಿ ಕೊಯ್ದವರು ಕೆಟ್ಟ ಲಿವರ್ ನಾಯಿಗೆ ಎಸೆಯುತ್ತಾರೆ. ನಾಯಿಯ ಹೊಟ್ಟೆಯಲ್ಲಿ ಹುಳು ಆಗುತ್ತದೆ, ಅದರ ಮೊಟ್ಟೆ ಮಕ್ಕಳ ಕೈಗೆ ಹತ್ತುತ್ತದೆ, ಕಡೆಗೆ ಮಕ್ಕಳ ಲಿವರಿನಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಯಾವ ಹಟ್ಟಿಯಲ್ಲಿ ಎಷ್ಟು ಅಂತ ತಿಳಿಯಲು ಅನಿಪಾ ನಡು ಚಳಿಗಾಲದಲ್ಲಿ ಕುದುರೆ ಹತ್ತಿ ಕುರಿಗಾಹಿಗಳ ಮನೆಮನೆಗೆ ಹೋದಳು, ನಾಯಿಹೇಲು ಬಾಚಿ ಡಬ್ಬಿಗೆ ತುಂಬಿಕೊಂಡಳು. ಒಮ್ಮೆ ಹೆಪ್ಪುಗಟ್ಟಿದ ಹೊಳೆ ದಾಟುವಾಗ ಮಂಜುಗಡ್ಡೆ ಬಿರಿದು ಕುದುರೆ ಕುಸಿಯಿತು. ಅವಳ ಎಡಗಾಲಿನ ಎರಡು ಬೆರಳು ಚಳಿಗೆ ಸತ್ತು ಆ ಹೊಳೆಗೇ ಹೋದವು.

ಆ ಲೇಖನವನ್ನು ಇವತ್ತು ಎಲ್ಲೆಲ್ಲಿಯ ವಿದ್ವಾಂಸರೋ ಉಲ್ಲೇಖಿಸುತ್ತಾರೆ, 'ಎಸೆನಾಲಿ ಮತ್ತು ಇತರರು' ಅಂತ. ಇತರರು ಅಂದರೆ ಇವಳೇ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಕೆಸರು ಅನಿಪಾಳ ಕೈಗಾಯಿತು, ಮೊಸರು ಇನ್ಯಾರದೋ ಬಾಯಿಗೆ ಬಿತ್ತು.

ಇದೂ ಹೇಗೋ ನಡೆದುಹೋಗುತ್ತಿತ್ತು. ಆದರೆ ಹೊಸ ನಿಯಮ ಬಂತು. ಮೊದಲ ಹೆಸರು ತಮ್ಮದಾಗಿರುವ ಲೇಖನ ಇಲ್ಲದವರಿಗೆ ಪ್ರಯೋಗಾಲಯ ಇಲ್ಲ. ಅನಿಪಾ ನಡೆಸುತ್ತಿದ್ದ ಪ್ರಯೋಗಾಲಯ ಮುಚ್ಚಿದರೆ ವಸಂತದಲ್ಲಿ ನಾಯಿಗಳಿಗೆ ಹುಳುವಿನ ಮಾತ್ರೆ ಹಂಚುವವರೂ ಇಲ್ಲ.

"ನನಗೆ ಗೊತ್ತಿಲ್ವಾ ಅಕ್ಕಾ, ದುಡಿದೋರು ಯಾರು ಅಂತ?" ಅಂದ ಅವಳ ಮೇಲಧಿಕಾರಿ. "ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ. ಕೆಲಸ ನಿಮ್ಮದು ಅಂತ ಅಗಾಯ್ ಕೈಲಿ ಒಂದು ಸಾಲು ಬರೆಸ್ಕೊಂಡು ಬನ್ನಿ. ಸಮಿತಿ ಮುಂದೆ ಇಡ್ತೀನಿ."

"ಅದನ್ನ ಹೇಗಪ್ಪಾ ಕೇಳ್ಲಿ? ಬಡಿಸಿದ ತಟ್ಟೆ ವಾಪಸ್ ಎತ್ಕೊಂಡ ಹಾಗಾಗುತ್ತೆ."

"ಹಾಗಾದ್ರೆ ಬೀಗದ ಕೈ ಕೊಟ್ಟು ಹೋಗಿ," ಅಂದ ಅವನು.

ಆ ವಾರವೇ ಎಸೆನಾಲಿಯವರ ಎಂಬತ್ತನೇ ಹುಟ್ಟುಹಬ್ಬದ ಔತಣ. ಎದೆ ಗಟ್ಟಿ ಮಾಡಿಕೊಂಡು ಅನಿಪಾ ಹೋದಳು. ಊಟ ಮುಗಿದ ಮೇಲೆ ಒಳಗೆ ಕರೆದು ಕೇಳಿಬಿಡೋಣ ಅಂದುಕೊಂಡಿದ್ದಳು. ಕುರಿತಲೆ ಮುದುಕರ ಮುಂದೆ ಬಂತು. ಅವರು ಚಾಕು ಹಿಡಿದು ನೆಂಟರಿಗೆ ಕಥೆ ಹೇಳತೊಡಗಿದರು.

"ಆ ಹೊಳೆ ಇದೆಯಲ್ಲ, ಅದರ ಮಧ್ಯೆ ಫಟ್ ಅಂತ ಮಂಜುಗಡ್ಡೆ ಬಿರೀತು! ನನ್ನ ಕುದುರೆ ಸೊಂಟದವರೆಗೂ ಒಳಗೆ! ಡಬ್ಬಿಗಳನ್ನ ತಲೆ ಮೇಲೆ ಎತ್ತಿ ಹಿಡ್ಕೊಂಡೆ. ಒಂದೂ ಬಿಡ್ಲಿಲ್ಲ ನೋಡ್ರಪ್ಪಾ. ಈ ಹುಡುಗಿ ದಡದಲ್ಲಿ ನಿಂತಿದ್ಲು. ಪಾಪ, ಅಳ್ತಾ ಇದ್ಲು."

ಅನಿಪಾ ಅವರ ಕಣ್ಣನ್ನೇ ನೋಡಿದಳು. ಸುಳ್ಳಿನ ಸುಳಿವಿರಲಿಲ್ಲ. ಇವಳು ಹೇಳಿದ ಕಥೆಯನ್ನು ಭಾಷಣದ ಮೇಲೆ ಭಾಷಣದಲ್ಲಿ ಹೇಳಿ ಹೇಳಿ, ಮುದುಕರು ನಿಜವಾಗಿಯೂ ಆ ಹೊಳೆಗೆ ಇಳಿದುಬಿಟ್ಟಿದ್ದರು. ಕಳ್ಳನಾಗಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಇವರನ್ನು ಏನಂತ ಕೇಳೋದು? ಬೂಟಿನೊಳಗೆ, ಇಲ್ಲದ ಬೆರಳುಗಳು ನೋಯತೊಡಗಿದವು.

ಅಗಾಯ್ ಕುರಿಯ ಕಿವಿ ಕೊಯ್ದು ಅವಳತ್ತ ಚಾಚಿದರು. ಕಿವಿ ಕೊಡುವುದು ಚಿಕ್ಕ ಮಕ್ಕಳಿಗೆ. ಐವತ್ತು ದಾಟಿದವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು, ತಿಂದಳು. ಕೇಳಬೇಕಾದ ಮಾತು ಕೇಳದೆಯೇ ಮನೆಗೆ ಹೊರಟಳು.

ಪ್ರಯೋಗಾಲಯ ಮುಚ್ಚಿತು. ಈಗ ಅವಳು ಒಂದು ಖಾಸಗಿ ದವಾಖಾನೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಾಳೆ. ಈ ವಸಂತದಲ್ಲಿ ನಾಯಿಗಳಿಗೆ ಮಾತ್ರೆ ಸಿಗಲಿಲ್ಲ. ಗುಳ್ಳೆ ನಿಧಾನಕ್ಕೆ ಬೆಳೆಯುವಂಥದ್ದು, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಇವಳಿಗೆ ಗೊತ್ತು, ಹಾಳಾದ್ದು.

ಲೇಖನವನ್ನು ಯಾರಾದರೂ ಉಲ್ಲೇಖಿಸಿದರೆ ಸುದ್ದಿ ಇವತ್ತಿಗೂ ಅವಳ ಈಮೇಲಿಗೇ ಬರುತ್ತದೆ, ಅಗಾಯ್ ಕಂಪ್ಯೂಟರ್ ಮುಟ್ಟಿದವರಲ್ಲ. ಅವಳು ಫೋನ್ ಮಾಡಿ ಹೇಳುತ್ತಾಳೆ.

"ಅಗಾಯ್, ಇನ್ನೊಬ್ರು ಉಲ್ಲೇಖಿಸಿದ್ದಾರೆ. ಬ್ರೆಜಿಲ್‌ನೋರು."

"ಹೌದೇನಮ್ಮಾ? ಸಂತೋಷ! ನಿಂದೇನಾದ್ರೂ ಲೇಖನ ಬಂತಾ?"

"ಇಲ್ಲ ಅಗಾಯ್."

"ಸುಮ್ನೆ ಕೂತ್ರೆ ಹೇಗಮ್ಮಾ? ಮೈ ಬಗ್ಗಿಸ್ಬೇಕು. ಆ ಚಳೀಲಿ, ಆ ಹೊಳೇಲಿ, ನಾನು ಮಾಡ್ಲಿಲ್ವಾ?"

"ಮಾಡಿದ್ರಿ ಅಗಾಯ್," ಅಂದಳು ಅನಿಪಾ.