ರಂಗೋಲಿಯಲ್ಲಿ ಮಗುಚಿದ ಹರಿಗೋಲು

ಫೋನಿನಲ್ಲಿ ಬರುವ ಪುಟಾಣಿ ಚಿತ್ರಗಳ ವಿಷಯದಲ್ಲಿ ನಾನು ನಿರಕ್ಷರಕುಕ್ಷಿ. ಹಳದಿ ಮುಖ ಅಳುತ್ತಿದೆಯೋ ನಗುತ್ತಿದೆಯೋ ಎಂಬುದು ಕನ್ನಡಕ ಒರೆಸಿಕೊಂಡರೂ ತಿಳಿಯುವುದಿಲ್ಲ. ಹಾಗಾಗಿ ಯಾರು ಹುಟ್ಟಿದರೂ ಯಾರು ಹೋದರೂ ಕೈಮುಗಿಯುವ ಚಿತ್ರವೊಂದನ್ನೇ ಕಳಿಸುತ್ತೇನೆ. ಈವರೆಗೆ ಯಾರೂ ತಕರಾರು ಎತ್ತಿಲ್ಲ.

ಇಂಥವನ ಬಳಿಗೆ, ಗುಂಡ್ಲುಪೇಟೆಯ ತಮ್ಮನ ಮನೆಗೆ ಹೋಗಿದ್ದಾಗ, ಅವನ ಮಗಳು ಸುಮ ಒಂದು ಸಮಸ್ಯೆ ತಂದಳು. ತನ್ನ ನಿಶ್ಚಿತಾರ್ಥದ ದಿನ ಮನೆಯ ಮುಂದೆ ಕೆರೆಯ ಪ್ರೇಮಿಗಳ ಕಥೆಯನ್ನು ರಂಗೋಲಿಯಲ್ಲಿ ಬರೆಯಬೇಕು. ಅಕ್ಷರ ಕೂಡದು, ಬರೀ ಚಿಹ್ನೆ. ಕಥೆ ನಮ್ಮ ಮನೆಯಲ್ಲಿ ಅನ್ನದ ಜೊತೆ ಬಡಿಸಿದ್ದು. ಈ ದಡದಲ್ಲಿ ಕೊಳಲೂದುವ ದನಗಾಹಿ, ಆ ದಡದಲ್ಲಿ ನೀರಿಗೆ ಬರುವ ಹುಡುಗಿ. ಹಿರಿಯರು ಅವಳನ್ನು ಕೂಡಿಹಾಕಿ ಬೀಗ ಜಡಿಯುತ್ತಾರೆ. ಹೇಗೋ ತಪ್ಪಿಸಿಕೊಂಡು ಇಬ್ಬರೂ ಹರಿಗೋಲು ಹತ್ತುತ್ತಾರೆ. ನಡುನೀರಿನಲ್ಲಿ ಅದು ಮಗುಚುತ್ತದೆ. ಮುಗಿಯಿತು.

“ಶುಭಕಾರ್ಯಕ್ಕೆ ಮುಳುಗೋ ಕಥೇನೇ ಬೇಕೇನಮ್ಮಿ?” ಎಂದೆ.

“ಈ ಕಥೆ ಹೇಳ್ದಾಗ ಅವ್ರು ಅತ್ಬುಟ್ರು ದೊಡ್ಡಪ್ಪ. ಅದಕ್ಕೇ ಕಣ ನಾನು ಒಪ್ಕಂಡಿದ್ದು.”

ನಾನು ಮಾತು ತಿರುಗಿಸಿ ಗಂಭೀರವಾಗಿ ಮಾಸ್ತಿಕಲ್ಲಿನ ಪ್ರಸ್ತಾಪ ತೆಗೆದೆ. ಗಂಡನ ಜೊತೆ ಚಿತೆಯೇರಿದವಳ ಇಡೀ ಬದುಕನ್ನು ಆ ಶಿಲ್ಪಿ ಬಳೆ ತೊಟ್ಟ ಒಂದು ತೋಳಿನಲ್ಲಿ ಹೇಳಿ ಮುಗಿಸಿದ. ನೀವೋ ಪ್ರೀತಿಗೆ ಒಂದು ಹೃದಯ ಬರೆಯುತ್ತೀರಿ, ಅದು ಯಾವ ವೈದ್ಯರೂ ಕಂಡಿರದ ಆಕಾರದ್ದು, ಎಂದು ಉಪನ್ಯಾಸ ಮಾಡಿದೆ. ಉಪನ್ಯಾಸ ಮುಗಿಯುವಷ್ಟರಲ್ಲಿ ಅವಳು ಪುಡಿಯ ಬಟ್ಟಲು ಹಿಡಿದು ಹೊರಟುಹೋಗಿದ್ದಳು.

ರಂಗೋಲಿಯ ಮೊದಲ ಚುಕ್ಕಿ ಹೊಸಿಲ ಬಳಿಯೇ ಬೀಳಬೇಕೆಂಬುದು ನಮ್ಮ ಮನೆಯ ಪದ್ಧತಿ. ಬರೆದದ್ದನ್ನು ತುಳಿಯುವ ಹಾಗಿಲ್ಲವಾದ್ದರಿಂದ ಮನೆಗೆ ಮುಖ ಮಾಡಿ ಬರೆಯುತ್ತಾ ಹಿಂದಕ್ಕೆ ಸರಿಯಬೇಕು. ಸುಮ ಹಾಗೇ ಸರಿಯುತ್ತಾ ಓಣಿಯ ತಿರುವಿನವರೆಗೂ ಹೋದಳು. ಬಾಗಿಲಲ್ಲಿ ಕೊಳಲು, ಬಿಂದಿಗೆ. ಆಮೇಲೆ ಹೃದಯ, ಬೀಗ, ಹರಿಗೋಲು, ಕೆರೆ. ಕಟ್ಟಕಡೆಗೆ, ತಿರುವಿನಲ್ಲಿ, ಮಗುಚಿದ ಹರಿಗೋಲು.

ಅವಳ ತಾಯಿ ರತ್ನ ಕಾಫಿ ಲೋಟಗಳೊಂದಿಗೆ ಹೊರಬಂದು ಇದನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಚಂದಕವಾಡಿಯಿಂದ ಬರಲಿದ್ದ ಗಂಡಿನ ಅಜ್ಜಿ ಸಾಮಾನ್ಯ ಅಜ್ಜಿಯಲ್ಲ. ಹಿಂದೊಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಗೋಡೆ ಗಡಿಯಾರ ನಿಂತಿತ್ತೆಂದು ಕಾಫಿಯನ್ನೂ ಮುಟ್ಟದೆ ಎದ್ದು ಬಂದವರು.

“ಬಾವ, ಅಜ್ಜಿ ನೋಡುದ್ರೆ ಸಂಬಂಧವೇ ಮುರ್ದೋಯ್ತದೆ. ನೀರ್ ಉಯ್ದು ತೊಳ್ದ್ಬುಡ್ತೀನಿ” ಎಂದು ಅವಳು ಬಕೆಟ್ಟಿಗೆ ಕೈಹಾಕಿದಳು. ಸುಮಳ ಕಣ್ಣು ತುಂಬಿತು. ಅಷ್ಟರಲ್ಲಿ ತಿರುವಿನಲ್ಲಿ ವ್ಯಾನು ನಿಂತಿತು.

ಅಜ್ಜಿ ಮೊಮ್ಮಗನ ಭುಜ ಹಿಡಿದು ಇಳಿದರು. ಕೋಲಿನ ತುದಿ ನೇರ ಮಗುಚಿದ ಹರಿಗೋಲಿನ ಮೇಲೆಯೇ ನಿಂತಿತು.

“ನೋಡ್ಲಾ, ಎಂಗ್ ಬರ್ದವ್ರೆ! ಬೆಳ್ಗೆ ಗೋಪಾಲಸ್ವಾಮಿಗೆ ಕೈ ಮುಗ್ದು ಬಂದ್ವಲ್ಲ, ಅದೇ ಬೆಟ್ಟ. ದಾರೀಲಿ ಸಿಕ್ತಲ್ಲ, ಅದೇ ಕೆರೆ.”

ಕೋಲು ಮುಂದೆ ಸರಿಯಿತು. ನೆಟ್ಟಗಿದ್ದ ಹರಿಗೋಲನ್ನು ಕಂಡು, “ಇದು ನಾವ್ ತಂದಿರೋ ಹಣ್ಣಿನ ಬುಟ್ಟಿ” ಎಂದರು. ಬೀಗದ ಬಳಿ ಕೋಲು ನಿಂತಿತು. ರತ್ನ ಬಕೆಟ್ಟನ್ನು ಬಾಗಿಲ ಹಿಂದೆ ಸರಿಸಿದಳು. “ಇದೇನ್ಲಾ, ಬೀಗ?” ಕೆರೆಯ ಕಥೆ ಕೇಳಿ ಅತ್ತಿದ್ದ ಮೊಮ್ಮಗ, ಸತ್ಯಸಂಧನಂತೆ, ವಿವರಿಸಲು ಬಾಯಿ ತೆರೆದ. ನಾನು ಬಾಗಿಲಿಂದಲೇ ಅವನಿಗೆ ಕೈಮುಗಿದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಚಿಹ್ನೆ ಸರಿಯಾದ ಅರ್ಥದಲ್ಲಿ ತಲುಪಿತು. ಅವನು ಬಾಯಿ ಮುಚ್ಚಿದ.

ಅಜ್ಜಿಯೇ ಬಿಡಿಸಿದರು. “ಮನೆ ಬೀಗ ಕಣ್ಲಾ. ಬರಕ್ ಮುಂಚೇನೇ ಬೀಗದ್ ಕೈ ಕೇಳ್ತಾವ್ಳೆ, ಜೋರಾಗವ್ಳೆ ಹುಡ್ಗಿ!” ಹೃದಯ ವೀಳ್ಯದೆಲೆಯಾಯಿತು. ನನ್ನ ಉಪನ್ಯಾಸಕ್ಕೆ ಇದು ಹೊಳೆದೇ ಇರಲಿಲ್ಲ. ಹೊಸಿಲ ಬಳಿ ಬಂದು ಕೊಳಲನ್ನೂ ಬಿಂದಿಗೆಯನ್ನೂ ನೋಡಿ ನಕ್ಕರು. “ಕಡೇಗೆ ಇವ್ನು ಊದ್ಕಂಡು ಕೂತವ್ನೆ, ಅವ್ಳು ನೀರ್ ಒರ್ತಾವ್ಳೆ. ಸಂಸಾರ ಅಂದ್ರೆ ಇಷ್ಟೇಯಾ.”

ತಟ್ಟೆ ಬದಲಾಯಿತು. ಹೋಳಿಗೆ ಊಟವೂ ಆಯಿತು. ಹೊರಡುವಾಗ ಅಜ್ಜಿ ಸುಮಳ ಗಲ್ಲ ಹಿಡಿದು, ನಾನು ಪಕ್ಕದಲ್ಲಿದ್ದದ್ದನ್ನು ಲೆಕ್ಕಿಸದೆ, ಮೆಲ್ಲಗೆ ಹೇಳಿದರು: “ಹರ್ಗೋಲು ಬಲು ಚೆಂದಾಗಿತ್ತು ಕಣಮ್ಮಿ.”

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟೆ. ರಂಗೋಲಿ ಅಲ್ಲಲ್ಲಿ ಅಳಿಸಿದ್ದರೂ ಕಥೆ ತಿಳಿಯುವಷ್ಟಿತ್ತು. ಮನೆಯಿಂದ ತಿರುವು ಮುಟ್ಟುವಷ್ಟರಲ್ಲಿ ಪಾಪ, ಇಬ್ಬರೂ ಮುಳುಗಿದರು. ಹಾಲಿನ ಪೊಟ್ಟಣ ಹಿಡಿದು ಅಜ್ಜಿಯ ಹಾಗೆ ತಿರುವಿನಿಂದ ವಾಪಸು ಬರುವಾಗ ನೋಡುತ್ತೇನೆ, ನನಗಿಂತ ಮುಂಚೆಯೇ ಇಬ್ಬರೂ ಮನೆ ಸೇರಿದ್ದರು.